ಟಾರ್ಶಾನ್ ಪಟ್ಟಿಯಲ್ಲಿ ವಜ್ರದ ಮೇಲಂಚು ಬಿಗಿ, ಕೆಳಂಚು ಸಡಿಲ: ತಪ್ಪು ಎಲ್ಲಿ?

ಪ್ರಶ್ನೆ
ಬಾಬಿನ್ ಲೇಸ್‌ನಲ್ಲಿ (ನೂಲು ಸುತ್ತಿದ ಬಾಬಿನ್ ಕಡ್ಡಿಗಳನ್ನು ಜೋಡಿಯಾಗಿ ಹಿಡಿದು, ದಿಂಬಿಗೆ ಪಿನ್ ಚುಚ್ಚುತ್ತಾ ಹೆಣೆಯುವ ಲೇಸ್) 12 ಜೋಡಿಯ ಟಾರ್ಶಾನ್ ಪಟ್ಟಿ, ಅಂದರೆ ಸರಳ ಜ್ಯಾಮಿತಿ ವಿನ್ಯಾಸದ್ದು, ಲಿನನ್ ನೂಲು. ಗ್ರೌಂಡ್ (ಹಿನ್ನೆಲೆಯ ಜಾಲರಿ) ಹೆಣೆದದ್ದು ಒಂದು ಪುಸ್ತಕದಂತೆ, ನಡುವಿನ ಹಾಫ್ ಸ್ಟಿಚ್ ವಜ್ರ (ವಜ್ರಾಕಾರದ ಭಾಗ) ಇನ್ನೊಂದರಂತೆ. ಮೊದಲ ಪುಸ್ತಕದಲ್ಲಿ ಹಾಫ್ ಸ್ಟಿಚ್ ಅಂದರೆ ಕ್ರಾಸ್, ಟ್ವಿಸ್ಟ್. ಎರಡನೆಯದರಲ್ಲಿ ಟ್ವಿಸ್ಟ್, ಕ್ರಾಸ್. ವಜ್ರದೊಳಕ್ಕೆ ಹೋಗುವ ಜೋಡಿಗಳು ಎರಡು ಸುತ್ತು ಹುರಿಗೊಂಡಿವೆ, ಹೊರಬರುವ ಜೋಡಿಗಳಲ್ಲಿ ಸುತ್ತೇ ಇಲ್ಲ. ಎರಡರಲ್ಲಿ ಸರಿ ಯಾವುದು?

ಉತ್ತರ 1
ಎರಡೂ ಸರಿ, ಬೆರೆಸಿದ್ದು ಮಾತ್ರ ತಪ್ಪು. ನಾಲ್ಕು ಬಾಬಿನ್‌ಗಳನ್ನು ಎಡದಿಂದ 1, 2, 3, 4 ಎಂದು ಎಣಿಸಿ. ಕ್ರಾಸ್ ಅಂದರೆ 2 ಅನ್ನು 3ರ ಮೇಲೆ ದಾಟಿಸುವುದು. ಟ್ವಿಸ್ಟ್ ಅಂದರೆ ಪ್ರತಿ ಜೋಡಿಯಲ್ಲೂ ಬಲದ್ದನ್ನು ಎಡದ್ದರ ಮೇಲೆ ತರುವುದು: 2 ಅನ್ನು 1ರ ಮೇಲೆ, 4 ಅನ್ನು 3ರ ಮೇಲೆ. ಎರಡರಲ್ಲೂ ಎಡದ್ದೇ ಮೇಲೆ ಬಂದರೆ ಮೇಲೆ-ಕೆಳಗೆ ಕ್ರಮ ಕೆಟ್ಟು ನೇಯ್ಗೆ ಹಿಡಿದು ನಿಲ್ಲುವುದಿಲ್ಲ.

ಕ್ರಾಸ್-ಟ್ವಿಸ್ಟ್ ‘ಮುಚ್ಚಿದ’ ಪದ್ಧತಿ; ಇದರಲ್ಲಿ ಜೋಡಿಗಳು ಹುರಿಯೊಂದಿಗೇ ದಿಂಬಿನ ಮೇಲೆ ಕಾಯುತ್ತವೆ. ಟ್ವಿಸ್ಟ್-ಕ್ರಾಸ್ ‘ತೆರೆದ’ ಪದ್ಧತಿ. ಇದರಲ್ಲಿ ಹುರಿಯಿಲ್ಲದೆ ಕಾಯುತ್ತವೆ. ಒಂದೇ ಪದ್ಧತಿಯಲ್ಲಿ ಕೊನೆಯವರೆಗೆ ಹೋದರೆ ಎರಡು ಕ್ರಾಸ್‌ಗಳ ನಡುವೆ ಒಂದೇ ಟ್ವಿಸ್ಟ್ ಬರುತ್ತದೆ, ಮುಗಿದ ಲೇಸ್‌ನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮುಚ್ಚಿದ್ದರಿಂದ ತೆರೆದದ್ದಕ್ಕೆ ದಾಟಿದಾಗ ಟ್ವಿಸ್ಟ್ ಎರಡಾಗುತ್ತದೆ, ತೆರೆದದ್ದರಿಂದ ಮುಚ್ಚಿದ್ದಕ್ಕೆ ಬಂದಾಗ ಸೊನ್ನೆಯಾಗುತ್ತದೆ. ನಿಮ್ಮ ವಜ್ರದಲ್ಲಿ ಆಗಿರುವುದು ಇದೇ.

ಉತ್ತರ 2
ಹೆಸರುಗಳೂ ಮೋಸ ಮಾಡುತ್ತವೆ. ‘ಹೋಲ್ ಸ್ಟಿಚ್’ ಅಂದರೆ ಕೆಲವು ಇಂಗ್ಲಿಷ್ ಪುಸ್ತಕಗಳಲ್ಲಿ ಕ್ರಾಸ್-ಟ್ವಿಸ್ಟ್-ಕ್ರಾಸ್, ಅಂದರೆ ಕ್ಲಾತ್ ಸ್ಟಿಚ್. ಇನ್ನು ಕೆಲವರಿಗೆ ಅದು ಕ್ರಾಸ್-ಟ್ವಿಸ್ಟ್-ಕ್ರಾಸ್-ಟ್ವಿಸ್ಟ್. ಜರ್ಮನ್‌ನಲ್ಲಿ ಮೊದಲನೆಯದು ಲೈನೆನ್‌ಶ್ಲಾಗ್, ಎರಡನೆಯದು ಗಾನ್ಜ್‌ಶ್ಲಾಗ್, ಹಾಫ್ ಸ್ಟಿಚ್ ಹಾಲ್ಬ್‌ಶ್ಲಾಗ್. ಬಣ್ಣದ ನಕ್ಷೆ ಇದ್ದರೆ ಹೆಸರಿನ ಗೊಡವೆಯೇ ಬೇಡ. ಬೆಲ್ಜಿಯಂನ ಬಣ್ಣದ ಕ್ರಮದಲ್ಲಿ ನೇರಳೆ ಕ್ಲಾತ್ ಸ್ಟಿಚ್, ಹಸಿರು ಹಾಫ್ ಸ್ಟಿಚ್, ಕೆಂಪು ಎಂದರೆ ಕ್ಲಾತ್ ಸ್ಟಿಚ್‌ಗೆ ಟ್ವಿಸ್ಟ್ ಸೇರಿದ್ದು.

ಮುಂದೆ ಕ್ಲಾತ್ ಸ್ಟಿಚ್ ವಜ್ರ ಮಾಡುವಾಗ ಒಂದು ಮಾತು ನೆನಪಿರಲಿ. ಈ ಸ್ಟಿಚ್ ಕ್ರಾಸ್‌ನಲ್ಲಿ ಮುಗಿಯುವುದರಿಂದ ಹೊರಬರುವ ಜೋಡಿಗೆ ಹುರಿ ಇರುವುದಿಲ್ಲ. ಮುಚ್ಚಿದ ಪದ್ಧತಿಯವರು ಗ್ರೌಂಡ್‌ಗೆ ಮೊದಲು ಅದಕ್ಕೆ ಒಂದು ಟ್ವಿಸ್ಟ್ ಕೊಡಲೇಬೇಕು. ತೆರೆದ ಪದ್ಧತಿಯಲ್ಲಿ ಗ್ರೌಂಡ್‌ನ ಮೊದಲ ಟ್ವಿಸ್ಟೇ ಆ ಕೆಲಸ ಮಾಡುತ್ತದೆ.

ಪ್ರಶ್ನೆ ಕೇಳಿದವರು
ಈಗ ಬಿಚ್ಚದೆ ಸರಿಮಾಡಬಹುದೇ?

ಉತ್ತರ 1
ಕೆಳಂಚಿನ ಗ್ರೌಂಡ್ ಸ್ಟಿಚ್‌ಗಳನ್ನಷ್ಟೇ ಬಿಚ್ಚಿ, ಹೊರಬಂದ ಪ್ರತಿ ಜೋಡಿಗೂ ಒಂದು ಟ್ವಿಸ್ಟ್ ಕೊಟ್ಟು ಮತ್ತೆ ಹೆಣೆಯಿರಿ. ಮೇಲಂಚನ್ನು ವಜ್ರ ಪೂರ್ತಿ ಬಿಚ್ಚದೆ ಸರಿಮಾಡಲಾಗದು. ಮುಂದಿನ ವಜ್ರದಲ್ಲಿ ಹೊಸ ಜೋಡಿ ಒಳಬರುವಾಗ ಅದಕ್ಕೆ ಟ್ವಿಸ್ಟ್ ಬೇಡ, ಅಡ್ಡ ಓಡುವ ಜೋಡಿಗೆ ಮಾತ್ರ ಕೊಡಿ. ಇನ್ನೂ ಒಳ್ಳೆಯದು, ವಜ್ರವನ್ನೂ ಕ್ರಾಸ್-ಟ್ವಿಸ್ಟ್‌ನಲ್ಲೇ ಮಾಡಿ. ಹಾಫ್ ಸ್ಟಿಚ್‌ನಲ್ಲಿ ಅಡ್ಡ ಪೂರ್ತಿ ಓಡುವುದು ಒಂದೇ ನೂಲು, ಅದರ ಜೊತೆಗಾರ ಪ್ರತಿ ಸ್ಟಿಚ್‌ನಲ್ಲೂ ಬದಲಾಗುತ್ತದೆ. ಆ ಒಂದನ್ನು ಜೋರಾಗಿ ಎಳೆದರೆ ವಜ್ರ ಒಳಕ್ಕೆ ಸೊರಗುತ್ತದೆ.

ಉತ್ತರ 3
ಬಕ್ಸ್ ಪಾಯಿಂಟ್ (ಇಂಗ್ಲೆಂಡಿನ ಇನ್ನೊಂದು ಬಗೆಯ ಬಾಬಿನ್ ಲೇಸ್) ನಕ್ಷೆಗೆ ಇದೇ ಗ್ರೌಂಡ್ ಹಾಕಬೇಡಿ. ಟಾರ್ಶಾನ್‌ನಲ್ಲಿ ಹಾಫ್ ಸ್ಟಿಚ್, ಪಿನ್, ಮತ್ತೆ ಹಾಫ್ ಸ್ಟಿಚ್. ಪಿನ್ ಎರಡರ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ. ಬಕ್ಸ್‌ನಲ್ಲಿ ಒಂದು ಕ್ರಾಸ್, ಮೂರು ಟ್ವಿಸ್ಟ್, ಪಿನ್, ಅಷ್ಟೇ. ಪಿನ್ನಿನ ಕೆಳಗೆ ಮುಚ್ಚುವ ಸ್ಟಿಚ್ ಇಲ್ಲ. ಹಾಗಾಗಿ ಅಲ್ಲಿ ಪಿನ್ ಬೇಗ ಕಿತ್ತರೆ ರಂಧ್ರದ ಆಕಾರವೇ ಕೆಡುತ್ತದೆ. ಜಾಲರಿಯ ಕೋನವೂ ಬೇರೆ: ಟಾರ್ಶಾನ್‌ಗೆ 45 ಡಿಗ್ರಿ, ಬಕ್ಸ್‌ನದು ಅಷ್ಟಲ್ಲ.

ಕೈಹಿಡಿತದಿಂದಲೂ ಬಿಗಿ ಬದಲಾಗುತ್ತದೆ. ಚಪ್ಪಟೆ ದಿಂಬಿನಲ್ಲಿ ಬಾಬಿನ್‌ಗಳು ಮಲಗಿರುತ್ತವೆ, ಅಂಗೈ ಕೆಳಮುಖ. ಸ್ಲೊವೇನಿಯಾದ ಇದ್ರಿಯಾ, ರಷ್ಯಾದ ವೊಲೊಗ್ಡಾ ಲೇಸ್‌ಗಳಲ್ಲಿ ಉರುಳೆ ದಿಂಬು. ಬಾಬಿನ್‌ಗಳು ಜೋತಾಡುತ್ತವೆ, ಅವುಗಳ ತೂಕವೇ ನೂಲನ್ನು ಎಳೆದಿಡುತ್ತದೆ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಬಾಬಿನ್‌ಗಳ ತುದಿಗೆ ಮಣಿಗಳನ್ನು ಕಟ್ಟುವುದೂ ತೂಕಕ್ಕೆ, ಚಪ್ಪಟೆ ದಿಂಬಿನಲ್ಲಿ ಬಾಬಿನ್ ಉರುಳದಿರಲಿ ಎಂದು. ಡೆವನ್‌ನ ಹಾನಿಟನ್ ಬಾಬಿನ್‌ಗಳಿಗೆ ಮಣಿಯಿಲ್ಲ, ತುದಿ ಚೂಪು. ಅಲ್ಲಿ ತುಣುಕುಗಳನ್ನು ಜೋಡಿಸುವಾಗ ಬಾಬಿನ್ ಕುಣಿಕೆಯೊಳಗೆ ನುಸುಳಬೇಕು, ಮಣಿ ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಪಟ್ಟಿಗೆ ಎರಡು ಬಗೆಯ ಬಾಬಿನ್ ಬೆರೆಸಬೇಡಿ, ಹಗುರವಾದ ಜೋಡಿಗಳು ಸಡಿಲವಾಗಿ ಕೂರುತ್ತವೆ.