ಎರಡು ಪಕ್ಷದವರನ್ನು ಒಂದೇ ಕಡೆ ಕೂರಿಸಿದರೆ ಹಗೆ ಇಳಿಯುತ್ತಾ?

ಹೊಸಿಲು:
ಎದುರಾಳಿ ಪಕ್ಷಗಳ ಕಟ್ಟಾ ಬೆಂಬಲಿಗರು, ಒಂದೊಂದು ಕಡೆಯಿಂದ ಆರು ಜನರಂತೆ ಹನ್ನೆರಡು ಮಂದಿ. ಎರಡು ಗಂಟೆಯ ಸಂವಾದ. ಸದ್ಯದ ಯೋಜನೆ ಹೀಗಿದೆ: ಮೊದಲು ಎಲ್ಲರಿಗೂ ವಿಷಯದ ಅಂಕಿಅಂಶಗಳ ಹಾಳೆ ಹಂಚುವುದು, ಆಮೇಲೆ ಎರಡೂ ಗುಂಪು ಬೇರೆ ಬೇರೆ ಕೂತು ಅರ್ಧ ಗಂಟೆ ತಯಾರಿ ಮಾಡಿಕೊಳ್ಳುವುದು, ಕೊನೆಗೆ ಒಟ್ಟಿಗೆ ಚರ್ಚೆ. ಇದು ಎಲ್ಲಿ ಎಡವಬಹುದು? ಫಲ ಸಿಕ್ಕಿತೋ ಇಲ್ಲವೋ ಅಂತ ಅಳೆಯುವುದು ಹೇಗೆ?

ತಕ್ಕಡಿ:
ಈ ಯೋಜನೆ ಹೀಗೇ ನಡೆದರೆ ಬಂದಾಗ ಇದ್ದದ್ದಕ್ಕಿಂತ ಬಿಗಿಯಾಗಿಯೇ ಜನ ಮನೆಗೆ ಹೋಗುತ್ತಾರೆ. ಕಾರಣ ಹೇಳುತ್ತೇನೆ.

ಮೊದಲು ಅರ್ಧ ಗಂಟೆಯ ಪ್ರತ್ಯೇಕ ತಯಾರಿ ತೆಗೆದುಹಾಕಿ. ಒಂದೇ ಕಡೆ ವಾಲಿದವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರೆ ಇನ್ನೂ ಆ ಕಡೆಗೇ ಸರಿಯುತ್ತಾರೆ. 1969ರಲ್ಲಿ ಮೊಸ್ಕೊವಿಚಿ ಮತ್ತು ಝವಲೋನಿ ಎಂಬ ಮನಶ್ಶಾಸ್ತ್ರಜ್ಞರು ಫ್ರಾನ್ಸಿನ ವಿದ್ಯಾರ್ಥಿಗಳಲ್ಲಿ ಇದನ್ನೇ ಕಂಡರು: ಗುಂಪಿನಲ್ಲಿ ಚರ್ಚಿಸಿದ ಮೇಲೆ ತಮ್ಮ ದೇಶದ ನಾಯಕ ದ ಗಾಲ್ ಬಗ್ಗೆ ಇದ್ದ ಮೆಚ್ಚುಗೆ ಹೆಚ್ಚಿತು, ಅಮೆರಿಕನ್ನರ ಬಗ್ಗೆ ಇದ್ದ ಅಸಮಾಧಾನವೂ ಹೆಚ್ಚಿತು. ತನಗೆ ಹೊಳೆಯದ ವಾದ ಪಕ್ಕದವನ ಬಾಯಲ್ಲಿ ಸಿಗುತ್ತೆ. ಜೊತೆಗೆ, ತಾನು ಯಾರಿಗೂ ಕಡಿಮೆಯಿಲ್ಲ ಅಂತ ತೋರಿಸುವ ಒತ್ತಡವೂ ಇರುತ್ತೆ.

ಎರಡನೆಯದು ಹಾಳೆ. 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮರಣದಂಡನೆಯ ಪರ 24, ವಿರುದ್ಧ 24 ವಿದ್ಯಾರ್ಥಿಗಳಿಗೆ ಎರಡು ಅಧ್ಯಯನ ಓದಲು ಕೊಟ್ಟರು, ಒಂದು ಪರ, ಒಂದು ವಿರುದ್ಧ. ತಮಗೆ ಒಪ್ಪದ ಅಧ್ಯಯನದಲ್ಲಿ ಎಲ್ಲರೂ ಹುಳುಕು ಹುಡುಕಿದರು, ಒಪ್ಪಿದ್ದನ್ನು ಹಾಗೇ ನುಂಗಿದರು. ಓದಿ ಮುಗಿಸುವಾಗ ಎರಡೂ ಕಡೆಯವರು ತಮ್ಮ ನಿಲುವು ಇನ್ನಷ್ಟು ಗಟ್ಟಿಯಾಯಿತು ಅಂದರು. 1984ರಲ್ಲಿ ಅದೇ ಪ್ರಯೋಗವನ್ನು ಎರಡು ಸೂಚನೆಗಳೊಂದಿಗೆ ಮಾಡಿದರು. ‘ನಿಷ್ಪಕ್ಷಪಾತವಾಗಿ ಓದಿ’ ಅಂದದ್ದರಿಂದ ಏನೂ ಆಗಲಿಲ್ಲ. ‘ಇದೇ ಅಧ್ಯಯನದ ಫಲಿತಾಂಶ ತಿರುಗುಮುರುಗಾಗಿ ಬಂದಿದ್ದರೆ ಆಗಲೂ ಇದೇ ಅಂಕ ಕೊಡುತ್ತಿದ್ದಿರಾ ಅಂತ ಪ್ರತಿ ಹಂತದಲ್ಲೂ ಕೇಳಿಕೊಳ್ಳಿ’ ಅಂದದ್ದು ಕೆಲಸ ಮಾಡಿತು. ಹಾಳೆ ಕೊಡಲೇಬೇಕಿದ್ದರೆ ಈ ಒಂದು ವಾಕ್ಯವನ್ನು ಅದರ ತಲೆಯ ಮೇಲೆ ಅಚ್ಚು ಹಾಕಿಸಿ.

ಅಷ್ಟಾದರೂ ಹಾಳೆ ಮುಟ್ಟುವುದು ಅಭಿಪ್ರಾಯವನ್ನು ಮಾತ್ರ. ಭಾವನಾತ್ಮಕ ಧ್ರುವೀಕರಣ, ಅಂದರೆ ಎದುರಿನವರನ್ನು ಕಂಡರೇ ಆಗದಿರುವುದು, ಬೇರೆಯದೇ ಸಮಸ್ಯೆ. ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವಾಗುತ್ತೆ ಅಂತ 1960ರಲ್ಲಿ ಹೇಳಿದ ಅಮೆರಿಕನ್ನರು ಎರಡೂ ಪಕ್ಷದಲ್ಲಿ ಶೇ 5ರ ಆಸುಪಾಸು. 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗ. ರಾಜಕೀಯ ಶಾಸ್ತ್ರಜ್ಞ ಶಾಂತೋ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಎತ್ತಿ ತೋರಿಸಿದ್ದು ಇದನ್ನೇ.

ಚರ್ಚೆಗೆ ‘ಯಾಕೆ’ ಬದಲು ‘ಹೇಗೆ’ ಅಂತ ಕೇಳಿ. ಯಾಕೆ ಬೆಂಬಲಿಸುತ್ತೀರಿ ಅಂದರೆ ಬಾಯಿಪಾಠದ ವಾದ ಬರುತ್ತೆ. ಈ ನೀತಿ ಜಾರಿಯಾದರೆ ಮೊದಲ ದಿನ ಯಾರು ಏನು ಮಾಡುತ್ತಾರೆ, ಅದರಿಂದ ಮುಂದೇನಾಗುತ್ತೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಕೇಳಿದರೆ ಮೂರನೇ ಮೆಟ್ಟಿಲಲ್ಲಿ ಮಾತು ನಿಲ್ಲುತ್ತೆ. 2013ರಲ್ಲಿ ಫರ್ನ್‌ಬಾಕ್ ತಂಡ ತೋರಿಸಿದಂತೆ, ಹೀಗೆ ವಿವರಿಸಲು ಹೊರಟವರು ತಮಗೆ ಗೊತ್ತಿರುವುದು ಕಡಿಮೆ ಅಂತ ಒಪ್ಪಿದರು, ನಿಲುವೂ ಮೆತ್ತಗಾಯಿತು.

ಒರೆಗಲ್ಲು:
ಕೊನೆಯ ಮಾತಿಗೆ ತಿದ್ದುಪಡಿ ಬೇಕು. 2021ರಲ್ಲಿ ಅದೇ ಪ್ರಯೋಗವನ್ನು, ಏನು ಹೇಗೆ ಅಳೆಯುತ್ತೇವೆ ಅಂತ ಮುಂಚಿತವಾಗಿ ನೋಂದಾಯಿಸಿ, ಮೂರು ಸಲ ಮಾಡಿ ನೋಡಿದಾಗ ‘ನನಗೆ ಅಷ್ಟು ಗೊತ್ತಿಲ್ಲ’ ಅನ್ನುವ ಭಾಗ ಮತ್ತೆ ಸಿಕ್ಕಿತು, ನಿಲುವು ಮೆತ್ತಗಾಗುವ ಭಾಗ ಸಿಗಲಿಲ್ಲ. ‘ಹೇಗೆ’ ಪ್ರಶ್ನೆ ಇಟ್ಟುಕೊಳ್ಳಿ, ಮಾತಿನ ಅಬ್ಬರ ಇಳಿಸಲು ಅದು ಒಳ್ಳೆಯದೇ. ನಿಲುವು ಬದಲಾಗುತ್ತೆ ಅಂತ ಮಾತ್ರ ಯಾರಿಗೂ ಭರವಸೆ ಕೊಡಬೇಡಿ.

ನನ್ನ ಪ್ರಕಾರ ಇನ್ನೂ ಗಟ್ಟಿಯಾದ ಹಿಡಿ ತಪ್ಪುಕಲ್ಪನೆಗಳಲ್ಲಿದೆ. ಆಲರ್ ಮತ್ತು ಸೂದ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಿಪಬ್ಲಿಕನ್ನರಲ್ಲಿ ವರ್ಷಕ್ಕೆ 2,50,000 ಡಾಲರ್‌ಗಿಂತ ಹೆಚ್ಚು ದುಡಿಯುವವರು ಶೇ 38 ಅಂತ ಜನ ಊಹಿಸಿದ್ದರು. ನಿಜ ಶೇ 2.2. ಹಗೆಯ ಒಂದು ಪಾಲು ಇಲ್ಲದ ಮನುಷ್ಯನ ಮೇಲೆ! ಆದ್ದರಿಂದ ಮೊದಲ ಹತ್ತು ನಿಮಿಷ, ‘ಎದುರಿನ ಆರು ಜನರಲ್ಲಿ ಎಷ್ಟು ಮಂದಿ ಈ ಮಾತಿಗೆ ಹೌದು ಅನ್ನುತ್ತಾರೆ?’ ಅಂತ ಐದು ಹೇಳಿಕೆಗೆ ಊಹೆ ಬರೆಸಿ. ಅವರ ನಿಜವಾದ ಉತ್ತರವನ್ನು ಮೊದಲೇ ಗುಟ್ಟಾಗಿ ಪಡೆದಿಟ್ಟು, ಊಹೆಯ ಚೀಟಿ ಕೈಗೆ ಬಂದ ಮೇಲೆ ತೋರಿಸಿ. ಚೀಟಿ ಬರುವ ಮುಂಚೆ ತೋರಿಸಿದರೆ ‘ನಂಗೆ ಗೊತ್ತಿತ್ತು’ ಅಂದುಬಿಡುತ್ತಾರೆ.

ಅಳತೆಗೆ ಭಾವಮಾಪಕ ಸಾಕು. ಸ್ವಂತ ಪಕ್ಷದವರಿಗೂ ಎದುರಿನವರಿಗೂ 0ಯಿಂದ 100ರವರೆಗೆ ಅಂಕ. 0 ಅಂದರೆ ತಣ್ಣಗೆ, 100 ಅಂದರೆ ಆತ್ಮೀಯ. ಎರಡರ ನಡುವಿನ ಅಂತರವೊಂದನ್ನೇ ನೋಡಬೇಡಿ. ಎದುರಿನವರ ಅಂಕ ಏರದೆ ಸ್ವಂತದವರ ಅಂಕ ಇಳಿದರೂ ಅಂತರ ತಗ್ಗುತ್ತೆ. ಮುಂಚೆ, ಮುಗಿದ ಕೂಡಲೇ, ತಿಂಗಳ ನಂತರ, ಹೀಗೆ ಮೂರು ಸಲ ಕೇಳಿ. ಮುಗಿದ ಕೂಡಲೇ ಬರುವ ಏರಿಕೆಯಲ್ಲಿ ಸಂಕೋಚದ ಪಾಲಿರುತ್ತೆ.

ಹೊಸಿಲು:
ತಯಾರಿ ಬಿಟ್ಟೆ, ಊಹೆ ಸೇರಿಸಿದೆ. ಮೊದಲು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಬಿಗಿ ಸಡಿಲವಾಗುವುದಿಲ್ಲವೇ?

ತಕ್ಕಡಿ:
ಒರೆಗಲ್ಲು ಅವರ ತಿದ್ದುಪಡಿ ಸರಿ, ಒಪ್ಪಿದೆ.

ಬರೀ ಊಟ ಸಾಲದು. 1954ರಲ್ಲಿ ಒಕ್ಲಹೋಮಾದ ಶಿಬಿರದಲ್ಲಿ ಮನಶ್ಶಾಸ್ತ್ರಜ್ಞ ಮುಝಫರ್ ಶೆರಿಫ್ 22 ಹುಡುಗರನ್ನು ಎರಡು ಗುಂಪು ಮಾಡಿ ಪೈಪೋಟಿಗೆ ಬಿಟ್ಟರು. ಜಗಳ ಬೆಳೆದ ಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಹುಡುಗರು ಆಹಾರವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು. ಹಗೆ ಇಳಿದದ್ದು ನೀರಿನ ಸರಬರಾಜು ನಿಂತಾಗ ಎರಡೂ ಗುಂಪು ಕೂಡಿ ದೋಷ ಹುಡುಕಬೇಕಾಗಿ ಬಂದಾಗ, ಕೆಟ್ಟು ನಿಂತ ಟ್ರಕ್ಕನ್ನು ಹಗ್ಗ ಕಟ್ಟಿ ಎಲ್ಲರೂ ಎಳೆಯಬೇಕಾದಾಗ. ಮೊದಲು ಒಬ್ಬರ ವಿರುದ್ಧ ಒಬ್ಬರು ಹಗ್ಗಜಗ್ಗಾಟ ಆಡಿದ್ದೂ ಅದೇ ಹಗ್ಗದಲ್ಲಿ. ಅದೂ ಒಂದೇ ಸಲಕ್ಕಲ್ಲ, ಇಂಥ ಕೆಲಸ ಮತ್ತೆ ಮತ್ತೆ ಬಿದ್ದ ಮೇಲೆ.

ಹಾಗಾಗಿ ಆರು ಜೋಡಿ ಮಾಡಿ, ಪ್ರತಿ ಜೋಡಿಯಲ್ಲೂ ಕಡೆಗೊಬ್ಬರು. ಇಬ್ಬರೂ ಸೇರದೆ ಮುಗಿಯದ ಕೆಲಸ ಕೊಡಿ: ಅರ್ಧ ಮಾಹಿತಿ ಒಬ್ಬರ ಕೈಲಿ, ಉಳಿದರ್ಧ ಇನ್ನೊಬ್ಬರ ಕೈಲಿ. ಪಕ್ಷದ ವಿಷಯ ಅದಾದ ಮೇಲೆ. ಗೆಲುವು ಸೋಲು ಇರುವ ಆಟ ಬೇಡವೇ ಬೇಡ. ಎರಡು ಗಂಟೆಯ ಒಂದು ಕೂಟದ ಬದಲು ನಲವತ್ತು ನಿಮಿಷದ ಮೂರು ಕೂಟ ಸಾಧ್ಯವಾದರೆ ಹಾಗೇ ಮಾಡಿ, ಜೋಡಿಗಳನ್ನು ಮಾತ್ರ ಪ್ರತಿ ಸಲ ಬದಲಿಸಿ. ಒಬ್ಬನೇ ಹಿತವಾಗಿ ಕಂಡರೆ ‘ಇವನು ಅವರಂತಲ್ಲ’ ಅಂತ ಅವನನ್ನಷ್ಟೇ ಗುಂಪಿನಿಂದ ಹೊರಗಿಟ್ಟು ನೋಡುತ್ತಾರೆ. ಮೂವರು ಹಾಗೆ ಕಂಡರೆ ಆ ದಾರಿ ಕಷ್ಟ.