ಡೈನೋಸಾರ್‌ಗಳನ್ನು ಕೊಂದದ್ದು ಬಂಡೆಯೋ, ಅದು ಎಬ್ಬಿಸಿದ ಧೂಳೋ?

ಪ್ರಶ್ನೆ: ಮೇಡಂ, ಹತ್ತು-ಹನ್ನೆರಡು ಕಿ.ಮೀ. ಅಗಲದ ಕ್ಷುದ್ರಗ್ರಹ ಮೆಕ್ಸಿಕೋದಲ್ಲಿ ಬಿದ್ದರೆ ಭೂಮಿಯ ಇನ್ನೊಂದು ಮಗ್ಗುಲಲ್ಲಿದ್ದ ಡೈನೋಸಾರ್‌ಗಳು ಸತ್ತದ್ದು ಹೇಗೆ? ಭೂಮಿಯ ವ್ಯಾಸವೇ ಹನ್ನೆರಡು ಸಾವಿರ ಕಿ.ಮೀ.ಗಿಂತ ಹೆಚ್ಚು. ನನಗೆ ಲೆಕ್ಕ ಕೂಡುತ್ತಿಲ್ಲ.

ಉತ್ತರ (ಭೂವಿಜ್ಞಾನಿ): ಬರೀ ಬಡಿತದ ಲೆಕ್ಕ ಹಾಕಿದರೆ ಕೂಡುವುದೂ ಇಲ್ಲ. 6.6 ಕೋಟಿ ವರ್ಷಗಳ ಹಿಂದೆ ಯುಕಟಾನ್ ತೀರದಲ್ಲಿ ಬಿದ್ದ ಆ ಬಂಡೆ ಸುಮಾರು 180 ಕಿ.ಮೀ. ಅಗಲದ ಚಿಕ್ಸುಲುಬ್ ಕುಳಿಯನ್ನು ತೋಡಿತು. ಆಘಾತದ ಅಲೆ, ಸುನಾಮಿ, ಸುಡುವ ಗಾಳಿ ಇವೆಲ್ಲ ಸುತ್ತಮುತ್ತಲಿನ ಜೀವಿಗಳನ್ನು ಮುಗಿಸಿದವು. ದೂರದವುಗಳ ಪಾಲಿಗೆ ಯಮನಾದದ್ದು ಅದು ಬಿದ್ದ ನೆಲ. ಅಲ್ಲಿದ್ದದ್ದು ಸುಣ್ಣಕಲ್ಲು ಮತ್ತು ಜಿಪ್ಸಂ. ಜಿಪ್ಸಂನಲ್ಲಿ ಗಂಧಕವಿದೆ. ಅದು ಆವಿಯಾಗಿ ಮೇಲೇರಿ, ಸೂರ್ಯನ ಬೆಳಕನ್ನು ತಡೆಯುವ ಸೂಕ್ಷ್ಮ ಹನಿಗಳಾಗಿ ಭೂಮಿಯನ್ನೆಲ್ಲ ಆವರಿಸಿತು. ಅದರ ಜೊತೆಗೆ ಮಸಿ, ನುಣುಪು ಧೂಳು. 2016ರಲ್ಲಿ ಕುಳಿಯೊಳಗೆ ಕೊರೆದು ತೆಗೆದ ಶಿಲಾ ಮಾದರಿಯಲ್ಲಿ ಗ್ರಾನೈಟ್ ಚೂರುಗಳು ಸಿಕ್ಕವು. ಇರಬೇಕಾಗಿದ್ದ ಜಿಪ್ಸಂ ಮಾತ್ರ ಹೆಚ್ಚುಕಡಿಮೆ ಕಾಣೆಯಾಗಿತ್ತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ, ಇಲ್ಲದಿರುವುದೇ ಸಾಕ್ಷಿ!

ಬೆಳಕಿಲ್ಲದೆ ಸಸ್ಯಗಳು ಮತ್ತು ಸಮುದ್ರದ ಪಾಚಿಗಳು ಸೊರಗಿದವು. ಅವನ್ನು ತಿನ್ನುವ ಪ್ರಾಣಿಗಳು, ಆ ಪ್ರಾಣಿಗಳನ್ನು ತಿನ್ನುವ ಪ್ರಾಣಿಗಳು ಸಾಲಾಗಿ ಉಪವಾಸ ಬಿದ್ದವು. ಸುಮಾರು ಮುಕ್ಕಾಲು ಪಾಲು ಪ್ರಭೇದಗಳು ಅಳಿದವು. ಸಣ್ಣ ದೇಹದವು, ಬೀಜವನ್ನೋ ಕೊಳೆತದ್ದನ್ನೋ ತಿಂದು ದಿನ ದೂಡಬಲ್ಲವು ಹೆಚ್ಚಾಗಿ ಉಳಿದುಕೊಂಡವು. ಹಕ್ಕಿಗಳೂ ಡೈನೋಸಾರ್ ವಂಶದವೇ ಆದ್ದರಿಂದ ‘ಎಲ್ಲವೂ ಸತ್ತವು’ ಎನ್ನುವಂತಿಲ್ಲ.

ಸೈಬೀರಿಯಾದ ಪೊಪಿಗೈ ಕುಳಿಯೂ ಸುಮಾರು 100 ಕಿ.ಮೀ. ಅಗಲವಿದೆ. ಅದಾದದ್ದು 3.5 ಕೋಟಿ ವರ್ಷಗಳ ಹಿಂದೆ. ಅಂಥ ಸರ್ವನಾಶದ ಗುರುತು ಆ ಕಾಲದ ಪದರಗಳಲ್ಲಿ ಇಲ್ಲ. ಬಂಡೆ ಚಿಕ್ಕದಿತ್ತು, ನಿಜ. ಆದರೆ ಎಲ್ಲಿ ಬಿತ್ತು ಎಂಬುದನ್ನೂ ಕೇಳಲೇಬೇಕು.

ಮತ್ತೊಬ್ಬ ಸದಸ್ಯರು: ಡೆಕ್ಕನ್ ಜ್ವಾಲಾಮುಖಿಗಳೇ ಕಾರಣ ಎಂದು ಓದಿದ್ದೇನೆ. ಯಾವುದನ್ನು ನಂಬಬೇಕು?

ಉತ್ತರ: ವಾದ ಪೂರ್ತಿ ಮುಗಿದಿಲ್ಲ. ನಾನು ಬಂಡೆಯ ಪಕ್ಷದವಳು. ಆ ಲಾವಾ ಲಕ್ಷಾಂತರ ವರ್ಷಗಳ ಕಾಲ ಹರಿಯಿತು, ಬಂಡೆ ಬೀಳುವ ಮೊದಲೇ ಹರಿಯತೊಡಗಿತ್ತು. ಜೀವಿಗಳ ಅಳಿವಾದರೋ ಥಟ್ಟನೆ ಆದದ್ದು. 1980ರಲ್ಲಿ ಲೂಯಿಸ್ ಮತ್ತು ವಾಲ್ಟರ್ ಅಲ್ವಾರೆಜ್ ಎಂಬ ತಂದೆ-ಮಗ ತಮ್ಮ ಇಬ್ಬರು ಸಹೋದ್ಯೋಗಿಗಳೊಂದಿಗೆ, ಇಟಲಿಯ ಗುಬ್ಬಿಯೋ ಬಳಿಯ ತೆಳುವಾದ ಜೇಡಿಪದರದಲ್ಲಿ ಇರಿಡಿಯಂ ಅಸಹಜವಾಗಿ ಹೆಚ್ಚಿದೆ ಎಂದು ತೋರಿಸಿದರು. ಭೂಮಿಯ ಮೇಲ್ಪದರದಲ್ಲಿ ಬಲು ವಿರಳವಾದ ಈ ಲೋಹ ಕ್ಷುದ್ರಗ್ರಹಗಳಲ್ಲಿ ಧಾರಾಳ. ಅಳಿವು ಕಾಣುವುದೂ ಅದೇ ಪದರದಲ್ಲಿ.

ಪ್ರಶ್ನೆ: ಕುಳಿಯನ್ನು ನೋಡಿದೊಡನೆ ಜ್ವಾಲಾಮುಖಿಯದಲ್ಲ ಎಂದು ಹೇಳಬಹುದೇ?

ಉತ್ತರ: ಇಲ್ಲ, ಘಟಾನುಘಟಿಗಳೇ ಎಡವಿದ್ದಾರೆ. ಅರಿಜೋನಾದ 1.2 ಕಿ.ಮೀ. ಅಗಲದ ಕುಳಿಯನ್ನು 1891ರಲ್ಲಿ ಪರಿಶೀಲಿಸಿದ ಅಮೆರಿಕದ ಹೆಸರಾಂತ ಭೂವಿಜ್ಞಾನಿ ಗಿಲ್ಬರ್ಟ್, ಅದು ಜ್ವಾಲಾಮುಖಿಯ ಉಗಿ ಸ್ಫೋಟದಿಂದ ಆದದ್ದು ಎಂದರು. ಉಲ್ಕೆಯದೇ ಎಂದು ಹಟ ಹಿಡಿದ ಗಣಿ ಎಂಜಿನಿಯರ್ ಬ್ಯಾರಿಂಜರ್ ಕಬ್ಬಿಣದ ಗಟ್ಟಿಗಾಗಿ ವರ್ಷಗಟ್ಟಲೆ ಅಗೆಸಿದರು. ಆ ಕಬ್ಬಿಣದ ಬಹುಭಾಗ ಬಡಿತದಲ್ಲೇ ಕರಗಿ, ಆವಿಯಾಗಿ, ಚೆದುರಿಹೋಗಿತ್ತು. ವಿಪರೀತ ಒತ್ತಡದಲ್ಲಷ್ಟೇ ಹುಟ್ಟುವ ಕೋಯೆಸೈಟ್ ಖನಿಜ 1960ರಲ್ಲಿ ಅಲ್ಲಿ ಸಿಕ್ಕ ಮೇಲೆ ವಾದ ಇತ್ಯರ್ಥವಾಯಿತು.

ಪ್ರಶ್ನೆ: ಆಕಾಶದಲ್ಲಿ ದೊಡ್ಡ ಮಿಂಚಿನಂತೆ ಉಲ್ಕೆ ಕಂಡರೆ ಏನು ಮಾಡಬೇಕು?

ಉತ್ತರ: ಕಿಟಕಿಯಿಂದ ದೂರ ಸರಿಯಿರಿ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಅಗಲದ ಬಂಡೆಯೊಂದು ಗಾಳಿಯಲ್ಲೇ ಸಿಡಿಯಿತು. ಬೆಳಕು ಕ್ಷಣದಲ್ಲಿ ತಲುಪಿತು, ಆಘಾತದ ಅಲೆಗೆ ಒಂದೆರಡು ನಿಮಿಷ ಬೇಕಾಯಿತು. ಆ ಹೊತ್ತಿನಲ್ಲಿ ಏನಾಯಿತೆಂದು ಇಣುಕಲು ಹಲವರು ಗಾಜಿನ ಹತ್ತಿರ ಬಂದಿದ್ದರು. ಸುಮಾರು 1,500 ಜನ ಗಾಯಗೊಂಡರು, ಹೆಚ್ಚಿನವರು ಗಾಜಿನ ಚೂರುಗಳಿಂದ. ಯಾರೂ ಸಾಯಲಿಲ್ಲ.