ಸಹಾಯ ಬೇಕು: ಗ್ರೀಸ್‌ನಿಂದ ಬಂದ ಮಾವನವರ ಹಳೇ ದಾಖಲೆಗಳು

ಮೆಲ್ಬರ್ನ್ ಕನ್ನಡಿಗರೇ, ನನ್ನ ಹೆಂಡತಿಯ ತಂದೆ ಈಚೆಗೆ ತೀರಿಕೊಂಡರು. ಗ್ರೀಕ್ ಚರ್ಚಿನಲ್ಲಿ ನಲವತ್ತನೇ ದಿನದ ಪ್ರಾರ್ಥನೆಗೆ ಅವರ ಬದುಕಿನ ಬಗ್ಗೆ ಚಿಕ್ಕ ಪುಸ್ತಿಕೆ ಮಾಡುತ್ತಿದ್ದೇವೆ. (ಅವತ್ತು ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆ ಬೆರೆಸಿ ಹಂಚುತ್ತಾರೆ, ಕೇಳಿ ನಮ್ಮಮ್ಮನಿಗೆ ಎಷ್ಟೋ ಸಮಾಧಾನ.)

ಮಾವನವರು 1961ರಲ್ಲಿ ಗ್ರೀಸ್‌ನ ಪಿರೇಯಸ್ ಬಂದರಿನಲ್ಲಿ ‘ಪ್ಯಾಟ್ರಿಸ್’ ಹಡಗು ಹತ್ತಿ ಇಲ್ಲಿ ಮೆಲ್ಬರ್ನ್‌ನ ಹಡಗುಕಟ್ಟೆ ಸ್ಟೇಷನ್ ಪಿಯರ್‌ನಲ್ಲಿ ಇಳಿದವರು. ಮೊದಲು ಕಾರ್ಖಾನೆ, ಆಮೇಲೆ ನಿವೃತ್ತಿವರೆಗೂ ಅಂಚೆ ಕೆಲಸ. ಇಂಗ್ಲಿಷ್ ಬಾರದ ಊರಿನವರ ಸರ್ಕಾರಿ ಅರ್ಜಿಗಳನ್ನೆಲ್ಲ ಭಾನುವಾರ ಕೂತು ತುಂಬಿಕೊಡುತ್ತಿದ್ದರಂತೆ. ಮನೇಲಿ ಹೇಳಿಕೊಂಡವರೇ ಅಲ್ಲ!

ಆಸ್ಟ್ರೇಲಿಯಾದ ನ್ಯಾಷನಲ್ ಆರ್ಕೈವ್ಸ್‌ನಿಂದ (ಸರ್ಕಾರದ ಹಳೇ ದಾಖಲೆಗಳ ಸಂಗ್ರಹ) ವಲಸೆ ಕಡತ ತರಿಸಿದವರು ಇದ್ದೀರಾ? ಹೆಸರಿನ ಸ್ಪೆಲಿಂಗ್ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದೆ, ಹೇಗೆ ಹುಡುಕೋದು? 1975ಕ್ಕೆ ಮುಂಚೆ, ಅಂಚೆ ಮತ್ತು ಟೆಲಿಫೋನ್ ಒಂದೇ ಇಲಾಖೆಯಾಗಿದ್ದ ಕಾಲದ ಸಿಬ್ಬಂದಿ ದಾಖಲೆ ಎಲ್ಲಿ ಕೇಳಬೇಕು? ಗ್ರೀಕ್ ಕೈಬರಹ ಓದಬಲ್ಲವರು ಪರಿಚಯವಿದ್ದರೂ ತಿಳಿಸಿ. ಹೆಂಡತಿಗೆ ಮಾತು ಬರುತ್ತೆ, ಓದು ಅಷ್ಟಕ್ಕಷ್ಟೆ.